ತೂಗದ ಡಬ್ಬಿ

ಜೂನ್ ೧೮

ಶಾಲೆಯಲ್ಲಿ ಜೊತೆಗೆ ಕೆಲಸ ಮಾಡುವ ಲಲಿತಾ ಈ ಡೈರಿ ಕೊಟ್ಟಳು. ಶಿಕ್ಷಕರ ಸಂಘದವರು ಹಂಚಿದ್ದು. ಅರ್ಧ ವರ್ಷದ ಹಾಳೆಗಳು ಖಾಲಿಯೇ ಹೋಗಿವೆ. "ಯಾರರ ಗೊತ್ತಿಲ್ಲದವರಿಗೆ ಹೇಳಿದಂಗ ಬರೀ, ಎದಿ ಹಗುರ ಆಗ್ತದ" ಎಂದಳು. ನನ್ನ ಎದೆ ಭಾರವಾಗಿಲ್ಲ, ಅದೇ ತೊಂದರೆ. ಆದರೂ ಬರೆಯುತ್ತೇನೆ. ಹಾಳೆ ಹಾಳು ಮಾಡುವವರನ್ನು ಕಂಡರೆ ನನಗಾಗುವುದಿಲ್ಲ.

ನಾನು ಸುನಂದಾ. ರಾಯಚೂರಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಟೀಚರ್. ಏಪ್ರಿಲ್‌ನಲ್ಲಿ ನನ್ನ ಗಂಡ ಶಿವರಾಜ ತೀರಿಕೊಂಡರು. ದೇವದುರ್ಗದ ಕಡೆಯಿಂದ ಬೈಕಿನಲ್ಲಿ ಬರುವಾಗ ಮಸರಕಲ್ ದಾಟಿ ಬಿದ್ದರು. ಎದುರಿಗೆ ಲಾರಿ ಇರಲಿಲ್ಲ, ಅಡ್ಡ ಎಮ್ಮೆ ಬರಲಿಲ್ಲ. ರಸ್ತೆಯಲ್ಲಿ ಹಂಪ್ ಇತ್ತು, ಬ್ರೇಕ್ ಹಿಡಿಯಲಿಲ್ಲ, ಅಷ್ಟೆ. ಹಿಂದೆ ಕಟ್ಟಿದ್ದ ಚೀಲದ ಕರಬೂಜದ ಹಣ್ಣುಗಳು ರಸ್ತೆ ತುಂಬ ಒಡೆದು ಬಿದ್ದಿದ್ದವಂತೆ. ನೋಡಿದವರು ಇನ್ನೊಂದು ಮಾತನ್ನೂ ಹೇಳಿದರು. ಅದಕ್ಕೆ ಸ್ವಲ್ಪ ಮುಂಚೆ ಮಸರಕಲ್ಲಿನ ಹೋಟೆಲಿನಲ್ಲಿ ಚಹಾದ ಗ್ಲಾಸು ಕೈಬಿಟ್ಟರಂತೆ, ಓಲಾಡುತ್ತ ನಡೆದರಂತೆ, ಮಾತು ತೊದಲುತ್ತಿತ್ತಂತೆ. ಅಂದರೆ ಕುಡಿದಿದ್ದರು.

ನಮ್ಮ ಮಗಳು ಐಶ್ವರ್ಯ ಪಿಸ್ತೂಲು ಸ್ಪರ್ಧೆಯಲ್ಲಿ ಮೊದಲ ಪದಕ ತಂದ ದಿನ, ಅವಳ ತಲೆಯ ಮೇಲೆ ಒಂದು ಕೈ, ಕೊರಳ ಲಿಂಗದ ಮೇಲೆ ಒಂದು ಕೈ ಇಟ್ಟು, ಇನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡಿದ್ದರು. ನಾನು ನಂಬಿದ್ದೆ. ಹೊಲದಲ್ಲಿ ಮಣ್ಣು ಮಾಡುವಾಗ ನನ್ನ ಕಣ್ಣಿಂದ ಒಂದು ಹನಿ ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಓಣಿಯ ಹೆಂಗಸರು ಅದನ್ನೇ ಮಾತಾಡಿಕೊಳ್ಳುತ್ತಾರೆ.

ಅತ್ತೆ ಬಸವಂತಮ್ಮ ಬೆಳಗಿನ ಪೂಜೆ ಮುಗಿಸಿ ಗೋಡೆಯ ಮೇಲಿನ ಹಿರಿಯರ ಫೋಟೋಗಳಿಗೆಲ್ಲ ವಿಭೂತಿ ಹಚ್ಚುತ್ತಾರೆ. ಮಗನ ಫೋಟೋದ ಹತ್ತಿರ ಬಂದಾಗ ಕೈ ಇಳಿಸುತ್ತಾರೆ. "ಲಿಂಗಾ ಮುಟ್ಟಿ ಹೇಳಿ ಮುರದಾನ. ಅವಂಗ್ಯಾಕ ಈಬತ್ತಿ" ಎನ್ನುತ್ತಾರೆ. ನಾನಾದರೂ ಹಚ್ಚಬಹುದಿತ್ತು. ಹಚ್ಚಿಲ್ಲ.

ಜೂನ್ ೨೨

ಐಶ್ವರ್ಯ ಇವತ್ತು ನನ್ನ ಹತ್ತಿರ ತಾನಾಗಿ ಬಂದಳು. ಅಪರೂಪ. "ಅವ್ವಾ, ತೂಗಿದ್ದ ಡಬ್ಬಿ ಮುಗದಾವು" ಎಂದಳು.

ಅವಳದು ಹತ್ತು ಮೀಟರಿನ ಏರ್ ಪಿಸ್ತೂಲು. ಅದಕ್ಕೆ ಹಾಕುವುದು ಸೀಸದ ಪೆಲೆಟ್, ಕಡಲೆಕಾಳಿಗಿಂತ ಸಣ್ಣದು. ಒಂದೇ ಡಬ್ಬಿಯಲ್ಲಿದ್ದರೂ ಒಂದರಂತೆ ಒಂದು ಇರುವುದಿಲ್ಲ ಎಂಬುದು ಅವಳಪ್ಪನ ನಂಬಿಕೆ. ತೂಕ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಹತ್ತಕ್ಕೆ ಬೀಳುವ ಗುಂಡು ಒಂಬತ್ತಕ್ಕೆ ಬೀಳುತ್ತದೆ ಎನ್ನುತ್ತಿದ್ದರು. ಅದಕ್ಕೆ ಒಂದೊಂದನ್ನೂ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿ, ತೂಕದ ಪ್ರಕಾರ ಬೇರೆ ಬೇರೆ ಡಬ್ಬಿಗೆ ಹಾಕುತ್ತಿದ್ದರು. ರಾಜ್ಯ ಸ್ಪರ್ಧೆ ನವೆಂಬರ್ ಕೊನೆಗಿದೆ. ಅಲ್ಲಿ ರಾಷ್ಟ್ರೀಯ ಸ್ಪರ್ಧೆಗೆ ಆಯ್ಕೆಯಾಗದಿದ್ದರೆ ಇಷ್ಟು ವರ್ಷ ನಿಂತ ಕಾಲು ಸುಮ್ಮನೆ ನಿಂತಂತೆ.

ನಮ್ಮ ಅಕ್ಕಿ ಗಿರಣಿಯನ್ನು ಈಗ ಭಾವ ನೋಡಿಕೊಳ್ಳುತ್ತಾರೆ. ಅದರ ಹಿಂದಿನ ಹಳೇ ಚೀಲದ ಕೋಣೆಯೇ ಐಶ್ವರ್ಯಳ ಅಭ್ಯಾಸದ ಜಾಗ. ಗಾಳಿ ಬಂದರೆ ತಕ್ಕಡಿಯ ಅಂಕಿ ನಿಲ್ಲುವುದಿಲ್ಲವೆಂದು ಶಿವರಾಜರೇ ಕಿಟಕಿಗಳಿಗೆ ಹಲಗೆ ಬಡಿದಿದ್ದರು. ಫ್ಯಾನಿಲ್ಲ. ಅಲ್ಲಿ ಹೋಗಿ ಅವರ ಸ್ಟೂಲಿನ ಮೇಲೆ ಕೂತೆ. ಒಂದು ಕೈಯಲ್ಲಿ ಚಿಮಟ, ಒಂದು ಕೈಯಲ್ಲಿ ಡಬ್ಬಿ, ಮುಂದೆ ತೂಗಬೇಕಾದ ನಾಲ್ಕೈದನ್ನು ತುಟಿಯಲ್ಲಿ ಕಚ್ಚಿಕೊಳ್ಳುವುದು, ದರ್ಜಿ ಗುಂಡುಸೂಜಿ ಕಚ್ಚಿಕೊಂಡ ಹಾಗೆ. ಅವರು ಹಾಗೆ ಮಾಡುವುದನ್ನು ನೋಡಿ ಬೈಯುತ್ತಿದ್ದವಳು ನಾನೇ. ಈಗ ಅದೇ ಅನುಕೂಲ ಅನ್ನಿಸಿತು.

ಕೆಲಸ ನನಗೆ ಹಿಡಿಸಿದೆ. ಅಲ್ಲಿ ಯಾರೂ ಹೇಗಿದ್ದೀರಿ ಎಂದು ಕೇಳುವುದಿಲ್ಲ.

ಜುಲೈ ೫

ಶಾಲೆ, ಅಡುಗೆ, ಕೋಣೆ. ಹಗುರದ್ದು ಎಡಕ್ಕೆ, ಭಾರದ್ದು ಬಲಕ್ಕೆ. ಬರೆಯುವಂಥದ್ದು ಏನೂ ನಡೆದಿಲ್ಲ.

ಜುಲೈ ೨೦

ಕೃಷ್ಣಾ ನದಿಯ ದಂಡೆಯಿಂದ ಹನುಮಂತರಾಯ ಬಂದಿದ್ದ. ದೇವದುರ್ಗದ ಕಡೆ ಮೀನು ಹಿಡಿಯುವವನು, ಬೇಸಿಗೆಯಲ್ಲಿ ಮರಳಿನಲ್ಲಿ ಕರಬೂಜ ಬೆಳೆಯುತ್ತಾನೆ. ಹೊಡೆದು ಚಪ್ಪಟೆಯಾದ ಪೆಲೆಟ್‌ಗಳನ್ನು ನಮ್ಮವರು ಎಸೆಯುತ್ತಿರಲಿಲ್ಲ. ಕೋಣೆಯ ಮೂಲೆಯಲ್ಲಿ ಗ್ಯಾಸ್ ಒಲೆ ಹಚ್ಚಿ, ಕಬ್ಬಿಣದ ಬಾಣಲೆಯಲ್ಲಿ ಕರಗಿಸಿ, ಕಲ್ಲಿನ ಅಚ್ಚಿಗೆ ಹೊಯ್ದು, ಬಲೆಗೆ ಕಟ್ಟುವ ಗುಂಡು ಮಾಡಿ ನದಿಯವರಿಗೆ ಕೊಟ್ಟು ಬರುತ್ತಿದ್ದರು. ಅವರು ಹಣ್ಣು ಕೊಡುತ್ತಿದ್ದರು. ಏಪ್ರಿಲ್‌ನಲ್ಲಿ ಹೋದದ್ದೂ ಅದಕ್ಕೇ.

"ಬಲಿ ತೇಲಾಕತ್ತಾವ್ರಿ ಯವ್ವಾ. ಗುಂಡು ಇದ್ರ ಕೊಡ್ರಿ" ಎಂದ. ಹೊರಡುವಾಗ ಬಾಗಿಲಲ್ಲಿ ನಿಂತು, "ಸಾವ್ಕಾರ್ರು ಅವತ್ತು ನಮ್ಮ ಕಡಿ ಏನೂ ತೊಗೊಂಡಿಲ್ರಿ. ಮಜ್ಜಿಗಿ ಕೊಟ್ರ ಅದನ್ನೂ ಕಾರಿಬಿಟ್ರು" ಎಂದ.

ನಾನು ಹೂಂ ಎಂದೆ. ಕುಡಿಸಿದವರು ಕುಡಿಸಿದೆವು ಎಂದು ಒಪ್ಪಿಕೊಂಡದ್ದನ್ನು ನಾನಂತೂ ಕಂಡಿಲ್ಲ.

ಗುರಿಯ ಹಿಂದಿನ ಪೆಟ್ಟಿಗೆ ತುಂಬಿ ತುಳುಕುತ್ತಿತ್ತು. ಕೆಳಗೆ ಬಿದ್ದ ಬೂದಿ ಬಣ್ಣದ ಪುಡಿಯನ್ನೂ ಕಸಬರಿಗೆಯಿಂದ ಗುಡಿಸಿ ಬಾಣಲೆಗೆ ಹಾಕಿದೆ. ಸೀಸ ಕರಗಿದಾಗ ಹಾಲಿನ ಹಾಗೆ ಮೇಲೊಂದು ಕೆನೆ ಕಟ್ಟುತ್ತದೆ. ನೋಡುತ್ತ ಕೂತರೆ ಹೊತ್ತು ಹೋಗುತ್ತದೆ.

ಆಗಸ್ಟ್ ೯

ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ. ಊಟ ಸೇರುವುದಿಲ್ಲ. ಹೊಟ್ಟೆಯಲ್ಲಿ ಕಿವುಚಿದ ಹಾಗೆ ನೋವು. ಅತ್ತೆ ಅಜವಾನ ಅಗಿಯಲು ಕೊಟ್ಟು, "ಅಳಬೇಕಿತ್ತು. ಅಳದ್ದು ಹೊಟ್ಟ್ಯಾಗ ಕುಂತದ" ಎಂದರು. ಅವರ ವೈದ್ಯಕ್ಕೆ ಎದುರಾಡಲಿಲ್ಲ.

ಐಶ್ವರ್ಯ ೫೬೩ ಹೊಡೆದಳು, ಆರುನೂರಕ್ಕೆ. ಜೂನ್‌ನಲ್ಲಿ ೫೫೨ ಇತ್ತು. ತೂಗಿದ್ದರ ಫಲ.

ಆಗಸ್ಟ್ ೧೬

ಜಗಳವಾಯಿತು. ನಿನ್ನೆ ಶಾಲೆಯಲ್ಲಿ ಅವಳ ಗೆಳತಿಯೊಬ್ಬಳು ಅವಳಪ್ಪನ ವಿಷಯ ಏನೋ ಅಂದಿದ್ದಾಳೆ. ಇವಳು ಹೊಡೆದು ಬಂದಿದ್ದಾಳೆ. ಹೊಡೆಯಬಾರದಿತ್ತು ಎಂದೆ, ಇದ್ದದ್ದನ್ನೇ ಹೇಳಿದ್ದಾಳೆ ಎಂದೆ.

"ಅಪ್ಪ ಕುಡಿದಿದ್ದಿಲ್ಲ" ಎಂದಳು.

"ನೀ ನೋಡಿದ್ದೇನು?"

"ನೀ ನೋಡಿದ್ದೇನು ಬೇ?"

ನೋಡಿದ್ದನ್ನೆಲ್ಲ ಬಿಡಿಸಿ ಹೇಳಿದೆ. ಹೋದ ಚಳಿಗಾಲದಿಂದ ಸಣ್ಣದಕ್ಕೂ ಸಿಡುಕುತ್ತಿದ್ದರು. ಊಟ ಬಿಟ್ಟು ಏಳುತ್ತಿದ್ದರು. ಬೆಳಿಗ್ಗೆ ಹಿತ್ತಲಲ್ಲಿ ವಾಂತಿ ಮಾಡಿಕೊಂಡು ಬಂದು ಪಿತ್ತ ಎನ್ನುತ್ತಿದ್ದರು. ಕೈ ನಡುಗುತ್ತಿತ್ತು, ಅಂಗಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಗೊತ್ತಿದ್ದವರ ಹೆಸರು ಮರೆಯುತ್ತಿದ್ದರು. ಇದೆಲ್ಲ ಏನು, ನೀನೇ ಹೇಳು ಎಂದೆ.

"ಏನರ ಇರಲಿ. ನನ್ನ ತಲಿ ಮ್ಯಾಲ ಕೈ ಇಟ್ಟಿದ್ದ" ಎಂದಳು. ಆಮೇಲೆ, "ನಿಂಗ ಅಪ್ಪ ಹೋಗಿದ್ದು ಏನೂ ಅನಿಸೇ ಇಲ್ಲ" ಎಂದಳು.

ಅದು ಮಾತ್ರ ನಿಜ.

ಆಗಸ್ಟ್ ೩೦

ಬೋರ್ಡಿನ ಮೇಲೆ ಬರೆಯುವಾಗ ಸುಣ್ಣದ ಕಡ್ಡಿ ಬೆರಳಿಂದ ಜಾರಿತು. ಎತ್ತಿಕೊಂಡೆ, ಮತ್ತೆ ಜಾರಿತು. ಮುಂದಿನ ಬೆಂಚಿನ ಹುಡುಗಿ ನಕ್ಕಳು. ಅವಳನ್ನು ಗಂಟೆ ಹೊಡೆಯುವ ತನಕ ಹೊರಗೆ ನಿಲ್ಲಿಸಿದೆ. ಆಮೇಲೆ ನೋಡಿದರೆ ಅವಳು ನಕ್ಕಿರಲಿಲ್ಲ, ಸೀನಿದ್ದಳು.

ಸೆಪ್ಟೆಂಬರ್ ೭

ತೂಗಿದೆ. ಕರಗಿಸಿದೆ.

ಸೆಪ್ಟೆಂಬರ್ ೧೫

ಸ್ಟಾಫ್ ರೂಮಿನಲ್ಲಿ ಎದುರಿಗೆ ಕೂತವಳ ಹೆಸರು ಎಷ್ಟು ಹೊತ್ತಾದರೂ ನೆನಪಿಗೆ ಬರಲಿಲ್ಲ. ಈ ಡೈರಿ ಕೊಟ್ಟವಳು. ಮೊದಲ ಪುಟ ತೆರೆದು ನೋಡಿಕೊಂಡೆ. ಲಲಿತಾ.

ಸೆಪ್ಟೆಂಬರ್ ೧೯

ಏನೂ ಇಲ್ಲ.

ಅಕ್ಟೋಬರ್ ೩, ಮಾನ್ವಿ

ದಸರಾ ರಜೆಗೆ ತವರಿಗೆ ಬಂದಿದ್ದೇವೆ. ಅವ್ವ ನೀಲಗಂಗಮ್ಮ ನನ್ನನ್ನು ನೋಡಿದವಳೇ "ಯಾಕಬೇ ಹಿಂಗ ಬಿಳಿಚಿಗೊಂಡಿ" ಎಂದಳು. ದಿನಾ ತಲೆಗೆ ಎಣ್ಣೆ ಒತ್ತುತ್ತಾಳೆ. ಬಂದು ಹತ್ತು ದಿನವಾಯಿತು, ಹೊಟ್ಟೆ ನೋವಿಲ್ಲ. ಇವತ್ತು ಮೂರು ರೊಟ್ಟಿ, ಪುಂಡಿಪಲ್ಯ ತಿಂದೆ, ಮೇಲೆ ಮೊಸರನ್ನ. ಬಾಯಿಗೆ ರುಚಿ ಹತ್ತಿತು. ಅವ್ವನ ಕೈಗುಣ. ಅಕ್ಷರಗಳೂ ನೆಟ್ಟಗೆ ಬರುತ್ತಿವೆ, ಈಗ ಹಿಂದಿನ ಪುಟ ತಿರುವಿದರೆ ನನಗೇ ಓದಲಾಗುವುದಿಲ್ಲ.

ಎಣ್ಣೆ ಒತ್ತುತ್ತ ಅವ್ವ ಕೇಳಿದಳು, "ಅಳು ಬರಂಗಿಲ್ಲಂತ ಐಶು ಹೇಳಾಕತ್ತಿದ್ಲು. ಖರೇನು?"

"ಹೂಂ."

"ಸಿಟ್ಟೇನು ಅವರ ಮ್ಯಾಲ?"

ಹೌದು ಎಂದೆ. ಹೇಳಿದ ಮೇಲೆ ಗೊತ್ತಾಯಿತು, ಎಷ್ಟೊಂದು ಸಿಟ್ಟಿದೆ ಎಂದು. ಕುಡಿದದ್ದಕ್ಕಿಂತ ಮಗಳ ತಲೆ ಮುಟ್ಟಿ ಸುಳ್ಳು ಹೇಳಿದರಲ್ಲ ಎಂದು. ಸತ್ತವರ ಹತ್ತಿರ ಜಗಳ ತೆಗೆಯಲೂ ಆಗುವುದಿಲ್ಲ. ಅವ್ವ, "ಸಿಟ್ಟು ಬರ್ತದಂದ್ರ ಇನ್ನಾ ಚಲೋ ಅದ" ಎಂದು ಜಡೆ ಹೆಣೆದಳು.

ಅಕ್ಟೋಬರ್ ೨೬

ರಾಯಚೂರು. ಸ್ಪರ್ಧೆ ಹತ್ತಿರ ಬಂತು. ಶಾಲೆಯಿಂದ ಬಂದವಳೇ ಕೋಣೆಗೆ ಹೋಗುತ್ತೇನೆ. ಹನುಮಂತರಾಯನೂ ಮತ್ತೆ ಫೋನು ಮಾಡಿದ್ದ, ಹಾಗಾಗಿ ಈ ವಾರ ದಿನಾ ಕರಗಿಸಿದೆ. ಮತ್ತೆ ಅದೇ ಹೊಟ್ಟೆ. ಗಂಡನ ಮನೆಯ ನೀರು ಒಗ್ಗುವುದಿಲ್ಲವೋ ಏನೋ, ಇಷ್ಟು ವರ್ಷದ ಮೇಲೆ.

ನವೆಂಬರ್ ೨

ಕೈ ಬರೆಯಲು ಒಪ್ಪುತ್ತಿಲ್ಲ. ಆದರೂ ಇವತ್ತಿನದನ್ನು ಇವತ್ತೇ ಬರೆಯಬೇಕು.

ಗುಂಡುಗಳ ಚೀಲ ಕೊಡಲು ಬಸ್ಸಿನಲ್ಲಿ ದೇವದುರ್ಗಕ್ಕೆ ಹೋಗಿದ್ದೆ. ಬರುವಾಗ ಮಸರಕಲ್ಲಿನಲ್ಲಿ ಬಸ್ಸು ಚಹಾಕ್ಕೆ ನಿಂತಿತು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ಇಳಿದೆ. ಇಳಿಯುವಾಗಲೇ ಕಾಲು ನನ್ನ ಮಾತು ಕೇಳಲಿಲ್ಲ, ಬಾಗಿಲ ಕಂಬಿ ಹಿಡಿದುಕೊಂಡೆ. ಹೋಟೆಲಿನವನು ಗ್ಲಾಸು ಕೊಟ್ಟ. ಹಿಡಿದೆ. ಹಿಡಿದೇ ಇದ್ದೇನೆ ಅಂದುಕೊಂಡಿದ್ದೆ. ಮುಂಗೈ ತಾನಾಗಿ ಬಾಗಿತು, ಗ್ಲಾಸು ಕಾಲ ಬಳಿ ಒಡೆದು ಚಹಾ ಸೀರೆಗೆಲ್ಲ ಸಿಡಿಯಿತು. ತಪ್ಪಾಯಿತು ಎನ್ನಲು ಹೋದರೆ ನಾಲಿಗೆ ದಪ್ಪಗಾಗಿ ಬೇರೇನೋ ಶಬ್ದ ಬಂತು.

ಬೆಂಚಿನ ಮೇಲಿದ್ದ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಹೆಣ್ಮಕ್ಕಳೂ ಶುರು ಮಾಡ್ಯಾರ ಬಿಡಪ್ಪ, ಅದೂ ಹಗಲ ಹೊತ್ತಿನಾಗ" ಎಂದ ಒಬ್ಬ.

ಹೋಟೆಲಿನವನು ಅವನನ್ನು ಗದರಿಸಿ, ನನ್ನನ್ನು ಕುರ್ಚಿಯಲ್ಲಿ ಕೂರಿಸಿ ನೀರು ಕೊಟ್ಟ. ಹೆಸರು ಜಿಲಾನಿ ಪಾಷಾ. ನನ್ನ ಗುರುತು ಅವನಿಗಿತ್ತು, ಏಪ್ರಿಲ್‌ನಲ್ಲಿ ಆಸ್ಪತ್ರೆಗೆ ಬಂದವರಲ್ಲಿ ಅವನೂ ಒಬ್ಬನಂತೆ. ಒಡೆದ ಗ್ಲಾಸಿನ ಚೂರು ಆರಿಸುತ್ತ ಹೇಳಿದ, "ನಿಮ್ಮ ಯಜಮಾನ್ರ ಕೈನೂ ಹಿಂಗಽ ಜೋತು ಬಿದ್ದಿತ್ರಿ ಅಮ್ಮಾ. ಇದಽ ಜಾಗಾ. ಗ್ಲಾಸು ನಿಲ್ಲಲಿಲ್ಲಂತ ನಾನಽ ಬಾಯಿಗೆ ನೀರು ಹಿಡದೆ."

"ವಾಸನಿ?" ಎಂದೆ. ಅಷ್ಟೇ ಹೇಳಲು ಬಂತು.

"ಯಾತರ ವಾಸನಿರಿ? ಶರಾಬಿಂದಾ? ಅಲ್ಲಾನ ಆಣಿ, ಇದ್ದಿಲ್ರಿ. ಬಾಯಿ ಹತ್ರಽ ಇದ್ದೆ ನಾ. ಬ್ಯಾಡ್ರಿ ಸಾವ್ಕಾರ, ಗಾಡಿ ಇಲ್ಲೇ ಬಿಡ್ರಿ ಅಂದೆ. ಹಣ್ಣು ಕೆಡ್ತಾವ, ಮಗಳು ದಾರಿ ನೋಡ್ತಾಳ ಅಂದ್ರು."

"ಯಾಕ ಹೇಳಲಿಲ್ಲ?"

"ಯಾರೂ ಕೇಳಲಿಲ್ಲರೀ. ನೀವೂ ಕೇಳಲಿಲ್ಲ."

ಬಸ್ಸಿನವನು ಹಾರನ್ ಹೊಡೆದ. ಜಿಲಾನಿ ಪಾಷಾ ಕೈಹಿಡಿದು ಹತ್ತಿಸಿದ. ದಾರಿಯಲ್ಲಿ ಹಂಪ್ ಬಂತು. ಬೈಕಿನ ಮುಂದಿನ ಬ್ರೇಕ್ ಬಲಗೈಯಲ್ಲಿರುತ್ತದೆ. ನನ್ನ ಬಲಗೈಯನ್ನು ತೊಡೆಯ ಮೇಲಿಟ್ಟು ಮುಷ್ಟಿ ಬಿಗಿದು ನೋಡಿದೆ. ಬಿಗಿಯಲಿಲ್ಲ.

ನವೆಂಬರ್ ೪

ಐಶ್ವರ್ಯಳೇ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರ್ ಶಶಿಕಲಾ ಎಂದು, ಚಿಕ್ಕ ವಯಸ್ಸಿನವಳು. ಕೈ ಚಾಚಿಸಿ ನೋಡಿದಳು. ಬಾಯಿ ತೆರೆಸಿ ವಸಡಿನ ಮೇಲೆ ಟಾರ್ಚು ಬಿಟ್ಟಳು. ಅಲ್ಲಿ ನೀಲಿ ಗೆರೆ ಇದೆಯಂತೆ. ದಿನಾ ಹಲ್ಲುಜ್ಜುವ ನಾನು ಕಂಡಿರಲಿಲ್ಲ.

"ಟೀಚರ್, ಮನಿಯಾಗ ಸೀಸದ ಕೆಲಸ ಏನರ ಮಾಡ್ತೀರೇನ್ರಿ?"

ನಾನು ಐಶ್ವರ್ಯಳ ಮುಖ ನೋಡಿದೆ. ಅವಳು ಎಲ್ಲ ಹೇಳಿದಳು, ಮುಚ್ಚಿದ ಕಿಟಕಿ, ಬಾಣಲೆ, ತುಟಿಯಲ್ಲಿ ಕಚ್ಚಿಕೊಳ್ಳುವುದು. ಡಾಕ್ಟರು ಬರೆಯುವುದನ್ನು ನಿಲ್ಲಿಸಿದಳು.

ಇಬ್ಬರ ರಕ್ತವನ್ನೂ ಹೈದರಾಬಾದಿಗೆ ಕಳಿಸಿದ್ದಾರೆ. ಐಶ್ವರ್ಯಳ ತೋಳಿನಿಂದ ರಕ್ತ ತೆಗೆಯುವಾಗ ನನಗೆ ಹೆದರಿಕೆಯಾಯಿತು. ಏಪ್ರಿಲ್‌ನಿಂದ ಈಚೆಗೆ, ಸಿಟ್ಟೊಂದು ಬಿಟ್ಟರೆ, ನನ್ನ ಮನಸ್ಸಿಗೆ ಏನಾದರೂ ಅನ್ನಿಸಿದ್ದು ಇದೇ ಮೊದಲು.

ನವೆಂಬರ್ ೧೧

ವರದಿ ಬಂತು. ನನ್ನ ರಕ್ತದಲ್ಲಿ ಸೀಸ ಬಹಳ ಇದೆ. ಐಶ್ವರ್ಯಳದು ಸ್ವಲ್ಪ, ಆ ಕೋಣೆಯಿಂದ ದೂರವಿದ್ದರೆ ತಾನಾಗಿ ಇಳಿಯುತ್ತದಂತೆ. ಕರಗಿಸುವ ಹೊತ್ತಿಗೆ ಅವಳು ಟ್ಯೂಷನ್ನಿನಲ್ಲಿ ಇರುತ್ತಿದ್ದಳು, ಪೆಲೆಟ್ ಎಂದೂ ಬಾಯಿಗೆ ಹಾಕಿದವಳಲ್ಲ. ದೇವರು ದೊಡ್ಡವನು. ಏಪ್ರಿಲ್‌ನಿಂದ ಆಗೊಮ್ಮೆ ಈಗೊಮ್ಮೆ ರೂಢಿಗೆ ಹೇಳುತ್ತಿದ್ದ ಈ ಮಾತನ್ನು ಇವತ್ತು ಮನಸ್ಸಿನಿಂದ ಹೇಳಿದೆ.

ನಾನು ವಾರ್ಡಿನಲ್ಲಿದ್ದೇನೆ. ಔಷಧಿ ಶುರುವಾಗಿದೆ. ಸಿಡುಕು, ಹೊಟ್ಟೆ, ಕೈ, ಮರೆವು, ಓಲಾಟ, ಎಲ್ಲ ಅದರದೇ ಎಂದು ಡಾಕ್ಟರು ಒಂದೊಂದಾಗಿ ಹೇಳುತ್ತಿದ್ದರೆ, ಆಗಸ್ಟಿನಲ್ಲಿ ನಾನು ಐಶ್ವರ್ಯಳಿಗೆ ಅವಳಪ್ಪನ ಮೇಲೆ ಹೊರಿಸಿದ್ದ ಆರೋಪಗಳೇ ಅದೇ ಕ್ರಮದಲ್ಲಿ ತಿರುಗಿ ಬಂದವು. ಅವರು ಆ ಕೋಣೆಯಲ್ಲಿ ಕೂತದ್ದು ನನಗಿಂತ ಎಷ್ಟೋ ಹೆಚ್ಚು.

"ಅವರಿಗೂ ಇದಽ ಆಗಿತ್ತೇನ್ರಿ?" ಎಂದೆ.

"ಈಗ ಪರೀಕ್ಷಾ ಮಾಡಾಕ ಬರಂಗಿಲ್ಲ ಟೀಚರ್. ಆದ್ರ ನೀವು ಹೇಳೋದು ಕೇಳಿದ್ರ ಆಗಿತ್ತಂತನ ಅನಸ್ತದ."

ಇನ್ನೊಂದು ಕೇಳಿದೆ. ನಾನು ಅಳದೇ ಇರುವುದೂ ಸೀಸದಿಂದಲೇ? ಡಾಕ್ಟರು "ಅದು ರಕ್ತದಾಗ ಕಾಣಂಗಿಲ್ರಿ" ಎಂದಳು. ಸೀಸದಿಂದಲೇ ಎಂದು ಹೇಳಿದ್ದರೆ ಎಷ್ಟು ಚೆನ್ನಾಗಿತ್ತು.

ಐಶ್ವರ್ಯ ಸ್ಟೀಲಿನ ಡಬ್ಬಿಯಲ್ಲಿ ಗಂಜಿ ತಂದಿದ್ದಳು. ನನ್ನ ಕೈಗೆ ಚಮಚ ನಿಲ್ಲದ್ದಕ್ಕೆ ತಾನೇ ತಿನ್ನಿಸಿದಳು. "ನಿಮ್ಮಪ್ಪ ಕುಡಿದಿದ್ದಿಲ್ಲ" ಎಂದೆ.

"ನಂಗ ಗೊತ್ತಿತ್ತು. ನಿಂಗ ಅದನ್ನ ತಿಳಕೊಳ್ಳಾಕ ಇಷ್ಟು ಸೀಸ ಬೇಕಾತು" ಎಂದು ಇನ್ನೊಂದು ಚಮಚ ಬಾಯಿಗೆ ಇಟ್ಟಳು. ಗಂಜಿಯಲ್ಲಿ ಉಪ್ಪು ಕಡಿಮೆ ಇತ್ತು, ಆದರೂ ಪೂರ್ತಿ ತಿಂದೆ.

ನವೆಂಬರ್ ೨೧

ಮನೆಗೆ ಬಂದೆ. ಭಾವ ಕೋಣೆಗೆ ಬೀಗ ಹಾಕಿಸಿದ್ದಾರೆ. ತೂಗಿದ ಡಬ್ಬಿಗಳೆಲ್ಲ ಒಳಗೇ ಉಳಿದವು. ಐಶ್ವರ್ಯ ಸ್ಪರ್ಧೆಗೆ ಅಂಗಡಿಯಿಂದ ಹೊಸ ಡಬ್ಬಿ ತರಿಸಿಕೊಂಡಿದ್ದಾಳೆ. ಕೈಗವಸು ಹಾಕಿಕೊಂಡು ಅಂಗಳದಲ್ಲಿ ಕೂತು ತೂಗಿ ಕೊಡಲೇ ಎಂದೆ. ಅವಳು ನನ್ನನ್ನು ನೋಡಿದ ರೀತಿಗೆ ಮತ್ತೆ ಆ ಮಾತೆತ್ತಲಿಲ್ಲ. ಅತ್ತೆಗೆ ಇನ್ನೂ ಏನೂ ಹೇಳಿಲ್ಲ. ನನಗೆ ರಕ್ತ ಕೆಟ್ಟಿದೆ ಎಂದಷ್ಟೇ ಅವರಿಗೆ ಗೊತ್ತು.

ನವೆಂಬರ್ ೨೯

ಐಶ್ವರ್ಯ ಬೆಂಗಳೂರಿನಿಂದ ಫೋನು ಮಾಡಿದಳು. ಸುತ್ತಲೂ ಗದ್ದಲ, ಕೂಗಿ ಹೇಳಿದಳು. ೫೭೪. ಇಲ್ಲಿಯ ತನಕ ಇಷ್ಟು ಎಂದೂ ಹೊಡೆದಿಲ್ಲ. ಆಯ್ಕೆಯಾಗಿದ್ದಾಳೆ.

"ಯಾವ ಡಬ್ಬಿ?" ಎಂದೆ. ಬೇರೆ ಏನು ಕೇಳಬೇಕೆಂದು ಹೊಳೆಯಲಿಲ್ಲ.

"ಅಂಗಡಿ ಡಬ್ಬಿನ ಬೇ. ಮುಚ್ಚಳ ತಗದೆ, ಹೊಡದೆ. ತೂಗಿದ್ದಕ್ಕೂ ಇದಕ್ಕೂ ಏನೂ ಫರಕ್ ಗೊತ್ತಾಗಲಿಲ್ಲ."

ಫೋನು ಇಟ್ಟು ಅಲ್ಲೇ ಹೊಸ್ತಿಲ ಮೇಲೆ ಕೂತೆ. ಏನೂ ಫರಕ್ ಇಲ್ಲ. ಆ ಕತ್ತಲ ಕೋಣೆ, ಗಾಳಿಯಿಲ್ಲದ ಅಷ್ಟೂ ಬೇಸಿಗೆ, ಮಗಳಿಗೆ ಒಂದು ಅಂಕ ಹೆಚ್ಚು ಬರಲಿ ಎಂದು ತುಟಿಯಲ್ಲಿ ವಿಷ ಕಚ್ಚಿಕೊಂಡು ಕೂತ ಆ ಮನುಷ್ಯ. ಹೊಟ್ಟೆ ಹಿಡಿದುಕೊಂಡು ಹಿತ್ತಲಿಂದ ಬಂದು ಪಿತ್ತ ಎಂದಾಗ, ಬಾಯಿ ವಾಸನೆ ನೋಡಲು ಹತ್ತಿರ ಹೋಗಿದ್ದೆನಲ್ಲ ನಾನು. ವಾಸನೆ ಇರಲಿಲ್ಲ. ಜಾಣತನದಿಂದ ತೊಳೆದುಕೊಂಡಿದ್ದಾರೆ ಅಂದುಕೊಂಡಿದ್ದೆ.

ಆಮೇಲೆ ಅಳು ಬಂತು. ಬಂತು ಎಂದರೆ ನನ್ನ ಕೈಯಲ್ಲಿ ಇರಲಿಲ್ಲ. ಇಷ್ಟು ದೊಡ್ಡ ದನಿ ನನಗಿದೆಯೆಂದು ಗೊತ್ತಿರಲಿಲ್ಲ. ಎದುರುಮನೆಯವರು ಹೊರಗೆ ಬಂದರು. ಬರಲಿ.

ಅತ್ತೆ ಗೋಡೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತರು. "ಏನಾತ? ಐಶು ಸೋತಳೇನು?"

"ನಿಮ್ಮ ಮಗ ಕುಡಿದಿದ್ದಿಲ್ರಿ ಅತ್ತಿ."

"ಏನಂದಿ?"

ಇನ್ನೊಂದು ಸಲ ಹೇಳಿದೆ. ಮೊದಲಿಂದ ಎಲ್ಲ ಹೇಳಿದೆ, ಮಸರಕಲ್ಲಿನ ಗ್ಲಾಸು, ನನ್ನ ಕೈ, ಅವರ ಕೈ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಕೇಳಿದರು. ಸೀಸದ ವಿಷಯ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. "ಆಣಿ ಮುರದಿಲ್ಲನ ಅಂವ?" ಎಂದು ಮಾತ್ರ ಕೇಳಿದರು.

"ಇಲ್ರಿ."

ಅವರು ಎದ್ದು ದೇವರ ಕೋಣೆಗೆ ಹೋಗಿ ವಿಭೂತಿ ಗಟ್ಟಿ ತಂದರು. ಹಿರಿಯರ ಫೋಟೋಗಳು ಕೆಳಗಿವೆ, ಶಿವರಾಜರದನ್ನು ಮೇಲೆ ಮೊಳೆ ಹೊಡೆದು ಹಾಕಿದ್ದೆವು. ಅತ್ತೆಯ ಕೈ ಎಟುಕಲಿಲ್ಲ. ನನ್ನ ಕೈಗೆ ಕೊಟ್ಟರು. ನನ್ನ ಮುಂಗೈ ಇನ್ನೂ ನೆಟ್ಟಗೆ ನಿಲ್ಲುವುದಿಲ್ಲ, ಅರ್ಧಕ್ಕೆ ಬಾಗಿತು. ಅತ್ತೆ ತಮ್ಮ ಎರಡೂ ಕೈಯಿಂದ ನನ್ನ ಮಣಿಕಟ್ಟು ಹಿಡಿದು ಮೇಲೆತ್ತಿದರು.

ಪಟ್ಟೆ ಸೊಟ್ಟಗೆ ಬಂದಿದೆ, ಹಣೆಯಿಂದ ಹುಬ್ಬಿನ ತನಕ ಇಳಿದಿದೆ. ನಾಳೆ ಐಶ್ವರ್ಯ ಬಂದಾಗ ಅವಳೂ ನೋಡಲಿ ಎಂದು ಹಾಗೆಯೇ ಬಿಟ್ಟಿದ್ದೇವೆ.